ಬಿಸಿಗಾಳಿ ಬಲೂನಿನ ಪೈಲಟ್ ಆಗಬೇಕು, ಮಂಗಳೂರಿನವನಿಗೆ ದಾರಿ ಉಂಟಾ?

ಕುಳಾಯಿ ಕಿರಣ | ಭಾನುವಾರ ರಾತ್ರಿ 9.10
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳುತ್ತೇನೆ, ನಗಬೇಡಿ. ವಯಸ್ಸು 27. ಕೊಟ್ಟಾರದ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಕಳೆದ ವರ್ಷ ಗೆಳೆಯರ ಜೊತೆ ರಾಜಸ್ಥಾನದ ಪುಷ್ಕರ ಮೇಳಕ್ಕೆ ಹೋಗಿದ್ದೆ. ಅಲ್ಲಿ ಬೆಳಗಿನ ಜಾವ ಬಲೂನು ಹತ್ತಿದೆ. ಇಳಿದಾಗಿನಿಂದ ತಲೆಯಲ್ಲಿ ಅದೇ ಕೂತಿದೆ.

ಒಂದು ವಿಷಯ ಮಾತ್ರ ಅರ್ಥ ಆಗಲಿಲ್ಲ. ಪೈಲಟ್ ಆಗಾಗ ಬುಟ್ಟಿಯಿಂದ ಬಗ್ಗಿ ಕೆಳಗೆ ಉಗುಳುತ್ತಿದ್ದ. ಗುಟ್ಕಾ ಅಂದುಕೊಂಡೆ, ಬಾಯಿ ನೋಡಿದರೆ ಕ್ಲೀನು. ಇರಲಿ.

ನನ್ನ ಪ್ರಶ್ನೆಗಳು: ಈ ಲೈಸೆನ್ಸ್ ಯಾರು ಕೊಡುತ್ತಾರೆ? ಎಷ್ಟು ಗಂಟೆ ಹಾರಬೇಕು? ಮಂಗಳೂರು, ಉಡುಪಿ ಕಡೆ ಎಲ್ಲಾದರೂ ಕಲಿಸುತ್ತಾರಾ? ನನಗೆ ಕನ್ನಡಕ ಉಂಟು, ಅದು ತೊಂದರೆಯಾ? ಅಮ್ಮನ ಹತ್ತಿರ ಮೆಲ್ಲ ವಿಷಯ ತೆಗೆದೆ. "ಪೈಲಟ್ ಆಗುದಾದರೆ ವಿಮಾನದ್ದೇ ಆಗು, ಬಲೂನು ಊದುದು ಜಾತ್ರೆಯಲ್ಲಿ" ಅಂದರು.

ಕೊಡಿಯಾಲ್ ಕಾಮತ್
ಅಮ್ಮ ಹೇಳಿದ್ದರಲ್ಲಿ ತಪ್ಪೆಂತ ಉಂಟು?

ಸುಮ್ನೆ ಬಂದೆ
ಗಾಳಿ ಬಂದಾಗ ತೂರಿಕೋ ಅಂತ ಗಾದೆ. ಇವರದ್ದು ಗಾಳಿ ನಿಂತಾಗ ಹಾರಿಕೋ.

ರೂಲ್ಸ್ ರಾಯರು
ಕಿರಣ್, ನಗುವ ವಿಷಯ ಅಲ್ಲ ಇದು. ನಮ್ಮ ಕಾನೂನಿನಲ್ಲಿ ಬಲೂನು ಕೂಡ ವಿಮಾನವೇ. ವಿಟಿ ಅಂತ ಶುರುವಾಗುವ ನೋಂದಣಿ ಅಕ್ಷರ ಅದಕ್ಕೂ ಇರುತ್ತದೆ. ಲೈಸೆನ್ಸ್ ಕೊಡುವುದು ದೆಹಲಿಯ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. 1937ರ ವಿಮಾನ ನಿಯಮಗಳಲ್ಲಿ ಬಲೂನ್ ಪೈಲಟ್ ಲೈಸೆನ್ಸ್ ಅಂತ ಬೇರೆಯೇ ಉಂಟು. ಹತ್ತರಲ್ಲಿ ಒಂಬತ್ತು ಜನರಿಗೆ ಇದು ಗೊತ್ತಿಲ್ಲ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ಇಟ್ಟಿರುವ ಕನಿಷ್ಠ ಅಳತೆ ಹೀಗೆ: ವಯಸ್ಸು 16 ಆಗಿರಬೇಕು, 16 ಗಂಟೆ ಹಾರಿರಬೇಕು, ಕನಿಷ್ಠ 8 ಸಲ ನೆಲದಿಂದ ಏರಿರಬೇಕು, ಅದರಲ್ಲಿ ಒಂದು ಸಲ ಬುಟ್ಟಿಯಲ್ಲಿ ಒಬ್ಬನೇ ಇರಬೇಕು. ಭಾರತವೂ ಅದರ ಸದಸ್ಯ. ಆದರೆ ಪ್ರತಿ ದೇಶವೂ ಅದರ ಮೇಲೆ ತನ್ನ ಷರತ್ತು ಹಾಕಬಹುದು. ಹಾಗಾಗಿ ಅರ್ಜಿ ಹಾಕುವ ದಿನ ಡಿಜಿಸಿಎ ಜಾಲತಾಣದಲ್ಲಿರುವ ಪ್ರತಿಯನ್ನೇ ಓದಿ. ನನ್ನಂಥ ನಿವೃತ್ತರ ನೆನಪನ್ನು ನಂಬಬೇಡಿ.

ಕುಳಾಯಿ ಕಿರಣ
ಬರೀ 16 ಗಂಟೆಯಾ?! ವಿಮಾನಕ್ಕೆ 200 ಗಂಟೆ ಅಲ್ವಾ?

ರೂಲ್ಸ್ ರಾಯರು
200 ಗಂಟೆ ಕಮರ್ಷಿಯಲ್ ವಿಮಾನ ಲೈಸೆನ್ಸಿಗೆ. ಅದಕ್ಕೂ ಇದಕ್ಕೂ ತಾಳೆ ಹಾಕಬೇಡಿ.

ಬೆಳ್ಮಣ್ ಬಾಲಣ್ಣ
ಈ 16 ಗಂಟೆ ಓದಿ ಖುಷಿ ಪಡುವವರನ್ನು ನಾನು ತುಂಬಾ ನೋಡಿದ್ದೇನೆ. ದುಬೈಯಲ್ಲಿ ಒಂದು ಬಲೂನು ಕಂಪನಿಯಲ್ಲಿ ಮೂರು ಸೀಸನ್ ಗ್ರೌಂಡ್ ಕ್ರೂ ಆಗಿದ್ದೆ. ಈಗ ಬೆಳ್ಮಣ್‌ನಲ್ಲಿ ಹಾರ್ಡ್‌ವೇರ್ ಅಂಗಡಿ. ಪೈಲಟ್ ಅಲ್ಲ ನಾನು, ಮೊದಲೇ ಹೇಳಿಬಿಡುತ್ತೇನೆ. ಆದರೆ ಪೈಲಟ್‌ಗಳ ಹಿಂದೆ ಜೀಪು ಓಡಿಸಿ ಓಡಿಸಿ ಕೆಲವು ಸಂಗತಿ ಗೊತ್ತು.

ಒಂದು ಹಾರಾಟ ಅಂದರೆ ಒಂದು ಗಂಟೆ. ಅದು ಬೆಳಿಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ, ಇಲ್ಲವೇ ಸಂಜೆ ಸೂರ್ಯ ಮುಳುಗುವ ಮೊದಲು. ಮಧ್ಯೆ ಬಿಸಿಲೇರಿದರೆ ನೆಲದಿಂದ ಬಿಸಿ ಗಾಳಿ ಎದ್ದು ಬಲೂನನ್ನು ಮೇಲೆ ಕೆಳಗೆ ಎಸೆಯುತ್ತದೆ. ನೆಲದ ಹತ್ತಿರ ಗಾಳಿ 10 ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್) ದಾಟಿತು ಅಂದರೆ ಆ ದಿನ ರದ್ದು. ಮಂಜು ಇದ್ದರೆ ರದ್ದು. ಮಳೆಯಂತೂ ಕೇಳುವುದೇ ಬೇಡ. ಲೆಕ್ಕದಲ್ಲಿ 16 ಬೆಳಿಗ್ಗೆ. ನಿಜವಾಗಿ ಮೂರು ನಾಲ್ಕು ತಿಂಗಳು ಅಲಾರಂ ಇಟ್ಟು 3.30ಕ್ಕೆ ಎದ್ದು, ಅರ್ಧ ದಿನ ಸುಮ್ನೆ ಚಹಾ ಕುಡಿದು ವಾಪಸ್ ಬರುವುದು.

ಇನ್ನು ಉಗುಳಿದ ವಿಷಯ. ಅವನು ಕೊಳಕನಲ್ಲ ಮಾರಾಯ್ರೆ. ಬಲೂನಿಗೆ ಸ್ಟಿಯರಿಂಗ್ ಇಲ್ಲ. ಒಂದೊಂದು ಎತ್ತರದಲ್ಲಿ ಗಾಳಿ ಒಂದೊಂದು ದಿಕ್ಕಿಗೆ ಬೀಸುತ್ತದೆ, ಬೇಕಾದ ದಿಕ್ಕಿನ ಗಾಳಿ ಹುಡುಕಿ ಆ ಎತ್ತರಕ್ಕೆ ಹೋಗುವುದೇ ಸ್ಟಿಯರಿಂಗ್. ಕೆಳಗಿನ ಗಾಳಿ ಯಾವ ಕಡೆ ಅಂತ ತಿಳಿಯಲು ಎಂಜಲು ಬೀಳಿಸಿ ಅದು ಎತ್ತ ವಾಲುತ್ತದೆ ಅಂತ ನೋಡುತ್ತಾರೆ. ಕೆಲವರು ಶೇವಿಂಗ್ ನೊರೆ ಬಿಡುತ್ತಾರೆ. ನಮ್ಮ ಒಬ್ಬ ಪೈಲಟ್ ಮಾತ್ರ ಶೇವಿಂಗ್ ನೊರೆ ದುಬಾರಿ ಅಂತ ಎಂಜಲೇ.

ಕೊಡಿಯಾಲ್ ಕಾಮತ್
ಹಾಗಾದರೆ ನಮ್ಮಲ್ಲಿ ವೀಳ್ಯ ಹಾಕುವವರೆಲ್ಲ ಪೈಲಟ್‌ಗಳೇ.

ವಿಟ್ಲದ ಭಟ್ರು
ವೀಳ್ಯಕ್ಕೆ ಯಾಕೆ ಕೈ ಹಾಕುತ್ತೀರಿ? ಅಡಿಕೆಯಿಂದಲೇ ನಮ್ಮ ಹೊಟ್ಟೆ ತುಂಬುವುದು.

ಕುಳಾಯಿ ಕಿರಣ
ಬಾಲಣ್ಣ, ಸಿಕ್ಕಿದ್ರಲ್ಲ ನೀವು! ಹೇಳಿ, ಕಲಿಯುವುದು ಕಷ್ಟವಾ? ಇರುವುದು ಬರ್ನರ್ ಒಂದೇ ತಾನೇ?

ಬೆಳ್ಮಣ್ ಬಾಲಣ್ಣ
ಬರ್ನರ್ ಮತ್ತು ತುದಿಯಲ್ಲಿರುವ ವೆಂಟ್. ಬರ್ನರ್ ಹಚ್ಚಿದರೆ ಏರುತ್ತದೆ, ವೆಂಟಿನ ಹಗ್ಗ ಎಳೆದರೆ ಬಿಸಿಗಾಳಿ ಹೊರಟು ಇಳಿಯುತ್ತದೆ. ಇಷ್ಟೇ. ಕಷ್ಟ ಎಲ್ಲಿ ಅಂದರೆ, ನೀವು ಹಚ್ಚಿದ ಕೂಡಲೇ ಅದು ಏರುವುದಿಲ್ಲ. ಕೆಲವು ಸೆಕೆಂಡ್ ಸುಮ್ಮನಿರುತ್ತದೆ. ಹೊಸಬರು "ಏರಲೇ ಇಲ್ಲವಲ್ಲ" ಅಂತ ಇನ್ನೊಂದು ಸಲ ಹಚ್ಚುತ್ತಾರೆ. ಆಮೇಲೆ ಎರಡೂ ಸೇರಿ ಒಟ್ಟಿಗೆ ಏರುತ್ತದೆ. ಗಾಬರಿಯಲ್ಲಿ ವೆಂಟ್ ಎಳೆದರೆ ದಡಕ್ಕನೆ ಇಳಿಯುತ್ತದೆ. ಕಲಿಯುವವರು ಹಾರುವುದನ್ನು ಕೆಳಗಿನಿಂದ ನೋಡಿದರೆ ಗೊತ್ತಾಗುತ್ತದೆ, ಕಡಲಿನಲ್ಲಿ ದೋಣಿ ಹೋದ ಹಾಗೆ ಮೇಲೆ ಕೆಳಗೆ. ಪಳಗಿದವರದ್ದು ಗೆರೆ ಎಳೆದ ಹಾಗೆ.

ಸುಮ್ನೆ ಬಂದೆ
ನಮ್ಮ ಬಾತ್‌ರೂಮಿನ ಗೀಸರ್ ಹಾಗೆಯೇ. ತಿರುಗಿಸಿದ್ದು ಈಗ, ಬಿಸಿ ಬರುವುದು ಸೋಪು ಹಚ್ಚಿದ ಮೇಲೆ.

ಉಡುಪಿ ಫಿಸಿಕ್ಸ್ ಟೀಚರ್
ಬಾಲಣ್ಣ ಹೇಳಿದ್ದು ಸರಿ, ಕಾರಣವೂ ಸರಳ. ಅಷ್ಟು ದೊಡ್ಡ ಗಾಳಿಯ ರಾಶಿಯನ್ನು ಬಿಸಿ ಮಾಡಿ, ಅದರ ಚಲನೆ ಬದಲಿಸಲು ಹೊತ್ತು ಬೇಕು. ಬಲೂನು ಖಾಲಿಯಾಗಿ ಕಂಡರೂ ಒಳಗಿನ ಗಾಳಿಯೇ ಎರಡು ಟನ್ ತೂಗುತ್ತದೆ. ಮಕ್ಕಳಿಗೆ ಇದನ್ನು ಹೇಳಿದರೆ ನಂಬುವುದೇ ಇಲ್ಲ.

ಮಾತು ಬಂತಲ್ಲ ಅಂತ ನಮ್ಮ ಊರಿಗೆ ಒಂದು ಲೆಕ್ಕ ಮಾಡಿದೆ. ನಾಲ್ಕು ಜನ ಹತ್ತುವ ಬಲೂನು ಸಾಮಾನ್ಯವಾಗಿ 77,000 ಘನ ಅಡಿ, ಅಂದರೆ ಸುಮಾರು 2,180 ಘನ ಮೀಟರ್. ಒಳಗೆ 100 ಡಿಗ್ರಿ ಇಡೋಣ. ಹೊರಗೆ 10 ಡಿಗ್ರಿ ಇರುವ ಊರಿನಲ್ಲಿ ಅದು ಹೆಚ್ಚುಕಡಿಮೆ 655 ಕೆಜಿ ಎತ್ತುತ್ತದೆ. ನಮ್ಮಲ್ಲಿ ಡಿಸೆಂಬರ್ ಬೆಳಿಗ್ಗೆ 25 ಡಿಗ್ರಿ ಅಂದುಕೊಂಡರೂ 520 ಕೆಜಿಗೆ ನಿಲ್ಲುತ್ತದೆ. ಅದರಲ್ಲಿ ಬಟ್ಟೆ, ಬುಟ್ಟಿ, ಬರ್ನರ್, ತುಂಬಿದ ಸಿಲಿಂಡರ್ ಅಂತ 300 ಕೆಜಿ ಹತ್ತಿರ ಹೋಯಿತು. ಉಳಿದದ್ದು 220. ಅಂದರೆ ಮೂರು ಜನ, ಅದೂ ಉಪವಾಸ ಮಾಡುವವರು.

ಕಾರ್ಕಳದ ಅಕ್ಕ
ಮೂರು ಜನ ನೀರ್‌ದೋಸೆಯವರಾ, ಕೋರಿ ರೊಟ್ಟಿಯವರಾ?

ಕೊಡಿಯಾಲ್ ಕಾಮತ್
ಟೀಚರ್, ಸ್ವಲ್ಪ ಜಾಸ್ತಿ ಬಿಸಿ ಮಾಡಿದರೆ ಆಗುದಿಲ್ವಾ? 150 ಡಿಗ್ರಿ?

ಉಡುಪಿ ಫಿಸಿಕ್ಸ್ ಟೀಚರ್
ಮೇಲಿನ ಬಟ್ಟೆ ನೈಲಾನ್. ಸುಮಾರು 120 ಡಿಗ್ರಿ ಅದರ ಮಿತಿ. ಪ್ರತಿ ಸಲ ಮಿತಿಯ ಹತ್ತಿರ ಹೋದಷ್ಟು ಬಟ್ಟೆ ಬೇಗ ಸಾಯುತ್ತದೆ. ಅದಕ್ಕೇ ತುದಿಯಲ್ಲಿ ಥರ್ಮಾಮೀಟರ್ ಕಟ್ಟಿರುತ್ತಾರೆ. ಬರ್ನರ್ ಹತ್ತಿರದ ಬಾಯಿಗೆ ಮಾತ್ರ ನೊಮೆಕ್ಸ್ ಅನ್ನುವ ಬೆಂಕಿ ತಾಳುವ ಬಟ್ಟೆ.

ಕಾಪು ಕೇಶವ
ಮನೆಯ ಗ್ಯಾಸ್ ಸಿಲಿಂಡರ್ ಇಟ್ಟರೆ ಎಷ್ಟು ಹೊತ್ತು ಹಾರಬಹುದು? ಸುಮ್ನೆ ಕೇಳಿದ್ದು.

ಬೆಳ್ಮಣ್ ಬಾಲಣ್ಣ
ಕೇಶವಣ್ಣ, ಸುಮ್ನೆ ಕೇಳಿದ್ದೇ ಇರಲಿ, ಮಾಡಬೇಡಿ. 14.2 ಕೆಜಿಯ ಗ್ಯಾಸು ಅರ್ಧ ಗಂಟೆಗೆ ಮುಗಿಯುವಷ್ಟು ಖರ್ಚು ಇದಕ್ಕೆ. ಅಲ್ಲದೆ ಒಲೆಗೆ ಬರುವುದು ಸಿಲಿಂಡರಿನ ಮೇಲಿನ ಆವಿ. ಬಲೂನಿನ ಬರ್ನರ್‌ಗೆ ಬೇಕಾದದ್ದು ಅಡಿಯ ದ್ರವ. ಅದಕ್ಕೆ ಒಳಗೆ ತಳದವರೆಗೆ ಕೊಳವೆ ಇಳಿಸಿದ ಬೇರೆಯೇ ಸಿಲಿಂಡರ್. ಆ ದ್ರವ ಬರ್ನರ್‌ನ ಬಿಸಿ ಸುರುಳಿಯಲ್ಲಿ ಆವಿಯಾಗಿ ಉರಿಯುತ್ತದೆ. ಜ್ವಾಲೆ ಆಳೆತ್ತರಕ್ಕಿಂತ ಜಾಸ್ತಿ.

ಶಿರ್ವದ ಶೆಟ್ಟಿ
ಕಿರಣ್, ನನ್ನ ಕಥೆ ಕೇಳಿ ಆಮೇಲೆ ಹೆಜ್ಜೆ ಇಡಿ. ನಾಲ್ಕು ವರ್ಷದ ಹಿಂದೆ ನನಗೂ ಇದೇ ಹುಚ್ಚು. ಮೊಬೈಲಿನಲ್ಲಿ ಒಂದು ಜಾಹೀರಾತು ನೋಡಿದೆ. "21 ದಿನದಲ್ಲಿ ಬಲೂನ್ ಪೈಲಟ್, ಕೆಲಸ ಗ್ಯಾರಂಟಿ." ಮುಂಗಡ 60 ಸಾವಿರ ಕಳಿಸಿದೆ. ಹೋಗಿ ನೋಡಿದರೆ ಒಂದು ಮೈದಾನ, ನಾಲ್ಕು ಹಗ್ಗ ಕಟ್ಟಿದ ಬಲೂನು, ಮದುವೆ ಪಾರ್ಟಿಯವರನ್ನು 50 ಅಡಿ ಏರಿಸಿ ಇಳಿಸುವುದು. ನನ್ನ ಕೆಲಸ ಹಗ್ಗ ಹಿಡಿಯುವುದು ಮತ್ತು ಫೋಟೋ ತೆಗೆಯುವುದು. ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ ಕೇಳಿದರೆ "ಆಮೇಲೆ ಬರೆದು ಕೊಡುತ್ತೇವೆ" ಅಂದರು. ಕಲಿಸುವವನ ಲೈಸೆನ್ಸ್ ತೋರಿಸಿ ಅಂದಾಗ ಫೋನ್ ಎತ್ತುವುದನ್ನೇ ಬಿಟ್ಟರು. ದುಡ್ಡು ಹೋಯಿತು. ಅಪ್ಪನಿಗೆ ಇನ್ನೂ ಗೊತ್ತಿಲ್ಲ, ಅವರು ಈ ವೇದಿಕೆಗೆ ಬರುವುದಿಲ್ಲ ಅಂತ ಧೈರ್ಯದಿಂದ ಬರೆಯುತ್ತಿದ್ದೇನೆ.

ರೂಲ್ಸ್ ರಾಯರು
ಶೆಟ್ರೆ, ಲಾಗ್‌ಬುಕ್, ಲೈಸೆನ್ಸ್ ಕೇಳಿದ ನಿಮ್ಮ ಆ ಎರಡು ಸಾಲೇ ಎಲ್ಲರಿಗೂ ಪಾಠ. ದುಡ್ಡು ಕೊಡುವ ಮೊದಲು ಮೂರು ಕಾಗದ ಕೇಳಬೇಕು: ಕಲಿಸುವವರ ಲೈಸೆನ್ಸ್ ಮತ್ತು ಕಲಿಸುವ ಅಧಿಕಾರ, ಬಲೂನಿನ ನೋಂದಣಿ ಪತ್ರ, ಅದು ಹಾರಲು ಯೋಗ್ಯ ಅನ್ನುವ ಪತ್ರ. ಮೂರನ್ನೂ ತೋರಿಸದವನು ಕಲಿಸುವವನಲ್ಲ, ಪೆಂಡಾಲ್‌ನವನು.

ಮೂಡುಬಿದಿರೆ ಮೈಕಲ್
ಪೆಂಡಾಲ್‌ನವರು ಎಂತ ಪಾಪ ಮಾಡಿದ್ದಾರೆ? ನಮ್ಮದು ಪೆಂಡಾಲ್ ವ್ಯಾಪಾರವೇ.

ರೂಲ್ಸ್ ರಾಯರು
ಕ್ಷಮಿಸಿ ಮೈಕಲ್. ಮಾತು ಜಾರಿತು.

ಕಾರ್ಕಳದ ಅಕ್ಕ
ಹೆಂಗಸರು ಇದ್ದಾರಾ ಈ ಕೆಲಸದಲ್ಲಿ? ಮಗಳು ಒಂಬತ್ತನೇ ಕ್ಲಾಸು. ಈ ಚರ್ಚೆ ಓದಿ ತೋರಿಸಿದೆ, ಈಗ ಗಣಿತ ಬಿಟ್ಟು ಬಲೂನಿನ ಚಿತ್ರ ಬಿಡಿಸುತ್ತಿದ್ದಾಳೆ.

ಉಡುಪಿ ಫಿಸಿಕ್ಸ್ ಟೀಚರ್
ಅಕ್ಕ, 1783ರ ನವೆಂಬರ್ 21ಕ್ಕೆ ಪ್ಯಾರಿಸಿನಲ್ಲಿ ಮೊದಲ ಸಲ ಮನುಷ್ಯರು ಬಲೂನಿನಲ್ಲಿ ಹಗ್ಗ ಬಿಚ್ಚಿ ಹಾರಿದರು. ಏಳೇ ತಿಂಗಳಲ್ಲಿ, 1784ರ ಜೂನ್ 4ಕ್ಕೆ, ಲಿಯಾನ್‌ನಲ್ಲಿ ಎಲಿಜಬೆತ್ ತಿಬ್ಲ್ ಅನ್ನುವ ಹೆಂಗಸು ಹಾರಿಯಾಗಿತ್ತು. ಮನುಷ್ಯರಿಗಿಂತ ಮೊದಲು ಒಂದು ಕುರಿ, ಒಂದು ಬಾತು, ಒಂದು ಹುಂಜ ಹಾರಿದ್ದವು. ಮಗಳಿಗೆ ಗಣಿತ ಬಿಡಬೇಡ ಅಂತ ಹೇಳಿ, ಮೇಲಿನ 220 ಕೆಜಿ ಬಂದದ್ದು ಗಣಿತದಿಂದ.

ಸುಮ್ನೆ ಬಂದೆ
ಹುಂಜ ವಾಪಸ್ ಬಂದ ಮೇಲೆ ಸುಕ್ಕ ಆಯ್ತಾ?

ಉಪ್ಪಿನಂಗಡಿ ಎಕ್ಸ್‌ಪ್ರೆಸ್
ವಿಷಯಕ್ಕೆ ಬನ್ನಿ. ಕಲಿಯಲು ಯಾಕೆ ಹೊರಗೆ ಹೋಗಬೇಕು? ನಮ್ಮಲ್ಲೇ ಶುರು ಮಾಡಬಹುದಲ್ಲ. ಪಣಂಬೂರು, ತಣ್ಣೀರುಬಾವಿ ಎಷ್ಟು ಉದ್ದದ ಮರಳು. ಗಾಳಿಪಟ ಉತ್ಸವಕ್ಕೆ ಹೊರದೇಶದವರು ಬರುತ್ತಾರೆ. ಮಲ್ಪೆಯಲ್ಲಿ ಪ್ಯಾರಾಸೇಲಿಂಗ್ ಉಂಟು. ಒಂದು ಬಲೂನು ಶಾಲೆ ಬಂದರೆ ಪ್ರವಾಸೋದ್ಯಮಕ್ಕೆ ಎಷ್ಟು ಲಾಭ! ನಮ್ಮವರಿಗೆ ಮನಸ್ಸಿಲ್ಲ, ಅಷ್ಟೇ.

ಮಲ್ಪೆ ಬೋಟು
ಮನಸ್ಸಿನ ಪ್ರಶ್ನೆ ಅಲ್ಲ ಅಣ್ಣ, ಗಾಳಿಯದ್ದು. ನಾವು ಬೋಟಿನವರು, ಲೈಸೆನ್ಸ್ ಗೀಸೆನ್ಸ್ ಗೊತ್ತಿಲ್ಲ. ಆದರೆ ಬೆಳಿಗ್ಗೆ ಯಾವ ಗಾಳಿ ಅಂತ ಗೊತ್ತು. ಮಳೆಗಾಲ ಮುಗಿದ ಮೇಲೆ ರಾತ್ರಿಯಿಂದ ಬೆಳಿಗ್ಗೆ ಒಂಬತ್ತರವರೆಗೆ ಮೂಡಾಯಿ ಗಾಳಿ. ನೆಲ ತಣ್ಣಗಾಗುತ್ತದೆ, ಕಡಲು ಬೆಚ್ಚಗಿರುತ್ತದೆ, ಗಾಳಿ ಗುಡ್ಡದ ಕಡೆಯಿಂದ ಕಡಲಿಗೆ ಹೋಗುತ್ತದೆ. ಹಿಂದೆ ಹಾಯಿ ದೋಣಿಯವರು ಅದೇ ಗಾಳಿಗೆ ಹೊರಗೆ ಹೋಗಿ, ಮಧ್ಯಾಹ್ನ ಕಡಲ ಕಡೆಯಿಂದ ಬೀಸುವ ಪಡ್ಡಾಯಿ ಗಾಳಿಗೆ ವಾಪಸ್ ಬರುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದರು. ನಿಮ್ಮ ಬಲೂನು ಬೆಳಿಗ್ಗೆ ಆರಕ್ಕೆ ತಣ್ಣೀರುಬಾವಿಯಿಂದ ಎದ್ದರೆ ಸೀದ ಲಕ್ಷದ್ವೀಪದ ದಾರಿ ಹಿಡಿಯುತ್ತದೆ. ಇಳಿಯುವಾಗ ನಮಗೆ ಫೋನ್ ಮಾಡಿ, ಬಲೆ ತರುತ್ತೇವೆ.

ಬೆಳ್ಮಣ್ ಬಾಲಣ್ಣ
ಇದನ್ನೇ ನಾನು ಬರೆಯಬೇಕು ಅಂತಿದ್ದೆ. ಬಲೂನಿಗೆ ಬೇಕಾದ ಬೆಳಗಿನ ಹೊತ್ತಿಗೇ ನಮ್ಮ ಗಾಳಿ ಕಡಲಿಗೆ.

ಉಪ್ಪಿನಂಗಡಿ ಎಕ್ಸ್‌ಪ್ರೆಸ್
ಹಾಗಾದರೆ ಮುಂಬೈ? ಅದೂ ಕಡಲ ಊರೇ. 2005ರ ನವೆಂಬರ್ 26ಕ್ಕೆ ವಿಜಯಪತ್ ಸಿಂಘಾನಿಯಾ ಅಲ್ಲಿಂದಲೇ ಹಾರಿ ವಿಶ್ವದಾಖಲೆ ಮಾಡಿದ್ದು. 21,027 ಮೀಟರ್! ಇಳಿದದ್ದು ನಾಶಿಕ್ ಕಡೆ, ಕಡಲಿಗೆ ಬಿದ್ದಿಲ್ಲವಲ್ಲ. ಆಗ ಅವರ ವಯಸ್ಸು 67.

ರೂಲ್ಸ್ ರಾಯರು
ಆ ದಾಖಲೆ ನಿಜ. ಆದರೆ ಅವರು ಕೂತದ್ದು ಒತ್ತಡ ಕಾಯ್ದ ಮುಚ್ಚಿದ ಕ್ಯಾಬಿನ್ನಿನಲ್ಲಿ, ಏರಿದ್ದು 21 ಕಿಲೋಮೀಟರ್. ಅಷ್ಟು ಎತ್ತರದ ಗಾಳಿಗೂ 500 ಅಡಿಯ ಗಾಳಿಗೂ ಸಂಬಂಧವೇ ಇಲ್ಲ. ಗಾಳಿ ಪೂರ್ವಕ್ಕೆ ಒಯ್ಯುವ ದಿನ ನೋಡಿ ಎದ್ದದ್ದು. ಅದು ಒಂದು ದಿನದ ಸಾಹಸ. ಶಾಲೆ ನಡೆಸಲು ವಾರಕ್ಕೆ ನಾಲ್ಕು ದಿನ ಹಾರಬೇಕು.

ಉಪ್ಪಿನಂಗಡಿ ಎಕ್ಸ್‌ಪ್ರೆಸ್
ಅಮೆರಿಕದ ಆಲ್ಬುಕರ್ಕಿಯಲ್ಲಿ "ಬಾಕ್ಸ್" ಅಂತಾರೆ. ಕೆಳಗಿನ ಗಾಳಿ ಒಂದು ಕಡೆ, ಮೇಲಿನ ಗಾಳಿ ಅದರ ವಿರುದ್ಧ. ಕೆಳಗೆ ಹೋಗಿ, ಮೇಲೆ ಏರಿ, ಹೊರಟ ಜಾಗಕ್ಕೇ ವಾಪಸ್ ಬರುತ್ತಾರೆ. ನಮ್ಮಲ್ಲೂ ಕೆಳಗೆ ಮೂಡಾಯಿ, ಮೇಲೆ ಪಡ್ಡಾಯಿ ಸಿಕ್ಕರೆ ಆಯಿತಲ್ಲ?

ಬೆಳ್ಮಣ್ ಬಾಲಣ್ಣ
ಸಿಕ್ಕರೆ. ಆ ಒಂದು ಶಬ್ದದ ಮೇಲೆ ಬುಟ್ಟಿಯಲ್ಲಿ ನಾಲ್ಕು ಜನರನ್ನು ಕೂರಿಸುತ್ತೀರಾ? ಅಲ್ಲಿ ಬಾಕ್ಸ್ ಸಿಗದಿದ್ದರೆ ಕೆಳಗೆ ನೆಲ ಉಂಟು. ಇಲ್ಲಿ ಸಿಗದಿದ್ದರೆ ಕೆಳಗೆ ಅರಬ್ಬಿ ಸಮುದ್ರ.

ಬಜ್ಪೆ ನಿವಾಸಿ
ಹೌದು, ಮತ್ತೊಂದು ವಿಷಯ. ಪಣಂಬೂರಿನಿಂದ ಎದ್ದರೆ ಒಂದು ಕಡೆ ಬಂದರು, ಇನ್ನೊಂದು ಕಡೆ ಎಂಆರ್‌ಪಿಎಲ್, ಹಿಂದೆ ನಮ್ಮ ವಿಮಾನ ನಿಲ್ದಾಣ. ರಿಫೈನರಿಯ ಮೇಲೆ ಬರ್ನರ್ ಹಚ್ಚಿಕೊಂಡು ಹೋಗುತ್ತೇನೆ ಅಂದರೆ ಯಾರು ಅನುಮತಿ ಕೊಡುತ್ತಾರೆ? ಬೆಳಿಗ್ಗೆ ವಿಮಾನಗಳ ಸಾಲು ಬೇರೆ.

ಮಲ್ಪೆ ಬೋಟು
ಪಣಂಬೂರಿನಿಂದ ಬಲೂನು ಹಾರುವುದಿಲ್ಲ ಅನ್ನಬೇಡಿ. ಹವಾಮಾನ ಇಲಾಖೆಯವರು ಅಲ್ಲಿಂದಲೇ ಬಿಡುತ್ತಾರೆ.

ಉಡುಪಿ ಫಿಸಿಕ್ಸ್ ಟೀಚರ್
ಅದು ಮನುಷ್ಯರಿಲ್ಲದ್ದು, ಬಿಸಿಗಾಳಿಯದ್ದೂ ಅಲ್ಲ. ಕೆಳಗೆ ಒಂದು ಪುಟ್ಟ ಯಂತ್ರ ನೇತು ಹಾಕಿ ಮೇಲಿನ ಗಾಳಿ, ತೇವ, ಉಷ್ಣತೆ ಅಳೆಯುತ್ತಾರೆ. ಆದರೆ ಬಲೂನ್ ಪೈಲಟ್ ಆಗುವವರಿಗೆ ಆ ಅಂಕಿ ಓದುವುದು ಬರಲೇಬೇಕು. ಪರೀಕ್ಷೆಯಲ್ಲಿ ಹವಾಮಾನ ಒಂದು ವಿಷಯ.

ಉಪ್ಪಿನಂಗಡಿ ಎಕ್ಸ್‌ಪ್ರೆಸ್
ಸರಿ, ಬೆಳಿಗ್ಗೆ ಬೇಡ. ಸಂಜೆ ಹಾರಿ. ಪಡ್ಡಾಯಿ ಗಾಳಿ ಒಳನಾಡಿಗೆ ಒಯ್ಯುತ್ತದೆ. ಬಂಟ್ವಾಳ, ವಿಟ್ಲ ಕಡೆ ಇಳಿಯಬಹುದು.

ವಿಟ್ಲದ ಭಟ್ರು
ಇಳಿಯಬಹುದಾ?! ಎಲ್ಲಿ ಇಳಿಯುವುದು? ಈ ಕಡೆ ಅಡಿಕೆ, ಆ ಕಡೆ ತೆಂಗು, ಗುಡ್ಡದ ಮೇಲೆ ರಬ್ಬರ್. ಗದ್ದೆ ಇದ್ದವರೆಲ್ಲ ತೋಟ ಮಾಡಿ ಆಯಿತು. ನಮ್ಮ ತೋಟದ ಮೇಲೆ ಬಿದ್ದರೆ ಅಡಿಕೆ ಹೂವಿನ ಎಷ್ಟು ಸಿಂಗಾರ ಮುರಿಯುತ್ತದೆ ಗೊತ್ತಾ? ಬಲೂನಿನ ಬಿಲ್ಲಿಗಿಂತ ನನ್ನ ಬಿಲ್ಲು ಜಾಸ್ತಿ ಬರುತ್ತದೆ.

ಕೊಡಿಯಾಲ್ ಕಾಮತ್
ಭಟ್ರೆ, ಒಂದು ಲಾಭ ನೋಡಿ. ಮೇಲಿನಿಂದಲೇ ಔಷಧಿ ಬಿಡಿಸಬಹುದು. ಕೊಳೆರೋಗಕ್ಕೆ.

ವಿಟ್ಲದ ಭಟ್ರು
ಕೊಳೆರೋಗ ಬರುವುದು ಮಳೆಗಾಲದಲ್ಲಿ. ನಿಮ್ಮ ಬಲೂನು ಆಗ ಅಟ್ಟದಲ್ಲಿ.

ಬೆಳ್ಮಣ್ ಬಾಲಣ್ಣ
ಭಟ್ರು ತಮಾಷೆಗೆ ಹೇಳಿದರೂ ವಿಷಯ ಅದೇ. ಹಾರುವುದು ಎಲ್ಲಿಂದ ಬೇಕಾದರೂ ಆಗುತ್ತದೆ, ಇಳಿಯಲು ಬಯಲು ಬೇಕು. ಸಂಜೆಯ ಕಡಲ ಗಾಳಿ ಜೋರು ಬೇರೆ. ಜೋರು ಗಾಳಿಯಲ್ಲಿ ಇಳಿದರೆ ಬುಟ್ಟಿ ಮಗುಚಿ ಎಳೆದುಕೊಂಡು ಹೋಗುತ್ತದೆ. ನಮ್ಮ ಮರುಭೂಮಿಯಲ್ಲಿ ಅದು ಎಳೆದರೂ ಮರಳು. ಇಲ್ಲಿ ಪಾಗಾರ, ತಂತಿ, ಬಾವಿ.

ಎಲ್ಲಕ್ಕಿಂತ ಹೆದರಿಕೆ ತಂತಿಯದ್ದು. 2016ರ ಜುಲೈಯಲ್ಲಿ ಅಮೆರಿಕದ ಟೆಕ್ಸಾಸಿನ ಲಾಕ್‌ಹಾರ್ಟ್‌ನಲ್ಲಿ ಬಲೂನು ವಿದ್ಯುತ್ ತಂತಿಗೆ ತಾಗಿ 16 ಜನ ಹೋದರು. ನಮಗೆ ಮೊದಲ ದಿನವೇ ಹೇಳಿಕೊಟ್ಟದ್ದು: ತಂತಿ ಎದುರಿಗೆ ಬಂದು ತಪ್ಪಿಸಲು ಆಗುವುದಿಲ್ಲ ಅಂತಾದರೆ ಬರ್ನರ್ ಹಚ್ಚಿ ಮೇಲಿನಿಂದ ದಾಟಲು ನೋಡಬೇಡಿ. ವೆಂಟ್ ಎಳೆದು ಇಳಿಯಿರಿ. ತಂತಿಗೆ ಬಟ್ಟೆ ತಾಗಲಿ, ಬುಟ್ಟಿ ತಾಗಬಾರದು. ನಂದಿಕೂರು ಕಡೆಯಿಂದ ಘಟ್ಟಕ್ಕೆ ಹೋಗುವ 400 ಕೆವಿ ಲೈನ್ ನೋಡಿದಾಗಲೆಲ್ಲ ನನಗೆ ಇದೇ ನೆನಪು.

ಕುಳಾಯಿ ಕಿರಣ
ಸರಿ, ಊರಲ್ಲಿ ಆಗುದಿಲ್ಲ, ಒಪ್ಪಿದೆ. ಹಾಗಾದರೆ ಎಲ್ಲಿ?

ರೂಲ್ಸ್ ರಾಯರು
ಎರಡು ದಾರಿ. ಒಂದು, ಇಲ್ಲೇ ದೇಶದೊಳಗೆ ಬಲೂನು ನಡೆಸುವವರನ್ನು ಹಿಡಿದು, ಅವರಲ್ಲಿ ಕಲಿಸುವ ಅಧಿಕಾರ ಇರುವ ಪೈಲಟ್ ಇದ್ದರೆ ಅವರ ಕೈಕೆಳಗೆ ಗಂಟೆ ತುಂಬಿಸುವುದು. ಮೊದಲು ಕ್ಲಾಸ್ 2 ಮೆಡಿಕಲ್ ಮಾಡಿಸಿ, ಅದು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರವೇ ಆಗಬೇಕು. ಅದರಲ್ಲಿ ಫೇಲಾದರೆ ಉಳಿದ ಖರ್ಚು ಉಳಿಯುತ್ತದೆ. ಕನ್ನಡಕ ತೊಂದರೆಯಲ್ಲ. ಐಸಿಎಒ ಅಳತೆಯಲ್ಲಿ ಕನ್ನಡಕ ಹಾಕಿ ಒಂದೊಂದು ಕಣ್ಣಿಗೆ 6/12, ಎರಡೂ ಸೇರಿ 6/9 ಬಂದರೆ ಸಾಕು. ಬಣ್ಣ ಗುರುತಿಸುವುದನ್ನೂ ನೋಡುತ್ತಾರೆ.

ಎರಡು, ಹೊರಗೆ. ಅಮೆರಿಕದಲ್ಲಿ ಖಾಸಗಿ ಬಲೂನ್ ಲೈಸೆನ್ಸಿಗೆ 10 ಗಂಟೆ ತರಬೇತಿ, ಕನಿಷ್ಠ 6 ಹಾರಾಟ ಗುರುವಿನ ಜೊತೆ. ಜನರಿಂದ ದುಡ್ಡು ತೆಗೆದುಕೊಂಡು ಹಾರಿಸಲು 18 ವರ್ಷ ಆಗಿರಬೇಕು, 35 ಗಂಟೆ ಬೇಕು, ಅದರಲ್ಲಿ 20 ಬಲೂನಿನದ್ದೇ. ಯುರೋಪಿನಲ್ಲಿ 16 ಗಂಟೆ, ಅದರಲ್ಲಿ 12 ಗುರುವಿನ ಜೊತೆ, ಮೇಲೆ 20 ಸಲ ಏರಿ ಇಳಿಯಬೇಕು, 10 ಸಲ ಬಲೂನಿಗೆ ಗಾಳಿ ತುಂಬಿಸಿರಬೇಕು. ನೋಡಿ, ಗಾಳಿ ತುಂಬಿಸುವುದನ್ನೂ ಲೆಕ್ಕ ಹಿಡಿಯುತ್ತಾರೆ. ಹೊರಗಿನ ಲೈಸೆನ್ಸ್ ತಂದರೂ ಇಲ್ಲಿ ಹಾರಲು ಡಿಜಿಸಿಎ ಒಪ್ಪಿಗೆ ಬೇಕು. ಇಲ್ಲಿ ಟಿಕೆಟ್ ಮಾರಿ ಹಾರಿಸಬೇಕಾದರೆ ಪೈಲಟ್ ಲೈಸೆನ್ಸ್ ಒಂದೇ ಸಾಲದು, ಕಂಪನಿಗೆ ಬೇರೆ ಪರ್ಮಿಟ್ ಬೇಕು.

ಶಿರ್ವದ ಶೆಟ್ಟಿ
ಇಷ್ಟನ್ನು ನಾಲ್ಕು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ 60 ಸಾವಿರ ಉಳಿಯುತ್ತಿತ್ತು.

ಕಾಪು ಕೇಶವ
ಕೆವಿ ಅಂದರೆ ಕೇಂದ್ರೀಯ ವಿದ್ಯಾಲಯ ಅಂದುಕೊಂಡೆ. 400 ಉಂಟಾ ಅಂತ.

ಬೆಳ್ಮಣ್ ಬಾಲಣ್ಣ
ರಾಯರು ಹೇಳಿದ ಎರಡೂ ದಾರಿಗೆ ಮೊದಲು ಮೂರನೆಯದ್ದು ಒಂದು ಉಂಟು, ಅದಕ್ಕೆ ದುಡ್ಡು ಬೇಡ. ಕ್ರೂ ಆಗಿ ಸೇರಿ. ನನಗೆ ಗೊತ್ತಿರುವ ಪೈಲಟ್‌ಗಳಲ್ಲಿ ಹೆಚ್ಚಿನವರು ಹಗ್ಗ ಹಿಡಿದೇ ಶುರು ಮಾಡಿದ್ದು. ಪೈಲಟ್‌ಗೆ ಯಾವಾಗಲೂ ಕೈ ಕಡಿಮೆ. ಒಂದು ಸೀಸನ್ ನೀವು ಬಿದ್ದು ಎದ್ದು ಕೆಲಸ ಮಾಡಿದರೆ ಅವರೇ "ಬಾ, ಹತ್ತು" ಅನ್ನುತ್ತಾರೆ.

ನನ್ನ ಮೊದಲ ದಿನ ಹೇಳುತ್ತೇನೆ. ಬೆಳಿಗ್ಗೆ ನಾಲ್ಕೂವರೆ, ಕತ್ತಲು. ಮೊದಲು ಒಂದು ಸಣ್ಣ ಹೀಲಿಯಂ ಬಲೂನು ಬಿಟ್ಟು, ಅದು ಎತ್ತ ಹೋಗುತ್ತದೆ ಅಂತ ಎಲ್ಲರೂ ಕತ್ತೆತ್ತಿ ನೋಡಿದರು. ಆಮೇಲೆ ಬಟ್ಟೆ ಹಾಸಿ, ಇಬ್ಬರು ಬಾಯಿ ಅಗಲಿಸಿ ಹಿಡಿದು, ದೊಡ್ಡ ಫ್ಯಾನ್ ಇಟ್ಟು ತಣ್ಣನೆ ಗಾಳಿ ತುಂಬಿಸಿದರು. ನನ್ನನ್ನು ಆ ಕೊನೆಗೆ ಕಳಿಸಿದರು, ಬಲೂನಿನ ನೆತ್ತಿಗೆ ಕಟ್ಟಿದ ಹಗ್ಗ ಹಿಡಿಯಲು. ಬರ್ನರ್ ಹಚ್ಚಿದಾಗ ಬಲೂನು ಮಲಗಿದ್ದು ಏಳುತ್ತದಲ್ಲ, ಆಗ ಅದು ಒಮ್ಮೆಗೇ ಏಳದಂತೆ ಹಗ್ಗ ಹಿಡಿದವನು ಭಾರ ಬಿಟ್ಟು ಮೆಲ್ಲ ಮೆಲ್ಲ ನಡೆದು ಬರಬೇಕು. "ಕೈಗೆ ಸುತ್ತಬೇಡ" ಅಂತ ಹೇಳಿದ್ದರು. ನಾನು ಬಾವಿಯಿಂದ ನೀರು ಎಳೆದು ಬೆಳೆದವನು, ಹಗ್ಗ ನನಗೆ ಕಲಿಸುತ್ತಾರಾ ಅಂತ ಒಂದು ಸುತ್ತು ಸುತ್ತಿದೆ. ಬಲೂನು ಎದ್ದಿತು, ನಾನೂ ಎದ್ದೆ. ನಾಲ್ಕಡಿ ಮೇಲೆ ಹೋಗಿ ಹಗ್ಗ ಬಿಚ್ಚಿಕೊಂಡು ಮರಳಿಗೆ ಬಿದ್ದೆ. ಅಂಗೈ ಚರ್ಮ ಹೋಯಿತು. ಒಂದು ವಾರ ಎಡಗೈಯಲ್ಲಿ ಊಟ.

ಇಳಿದ ಮೇಲಿನ ಕೆಲಸ ಯಾರೂ ವಿಡಿಯೋದಲ್ಲಿ ತೋರಿಸುವುದಿಲ್ಲ. ಬಟ್ಟೆಯೊಳಗಿನ ಗಾಳಿ ಹಿಂಡಿ ಹಿಂಡಿ ತೆಗೆದು ಚೀಲಕ್ಕೆ ತುರುಕಬೇಕು. ಕೊನೆಗೆ ಚೀಲದ ಮೇಲೆ ಎಲ್ಲರೂ ಹತ್ತಿ ಕೂರುತ್ತೇವೆ, ಪೈಲಟ್ ಕೂಡ.

ಕಾರ್ಕಳದ ಅಕ್ಕ
ನಾಲ್ಕಡಿ ಹಾರಿದ್ದು ಲಾಗ್‌ಬುಕ್‌ಗೆ ಬರೆದರಾ?

ಬೆಳ್ಮಣ್ ಬಾಲಣ್ಣ
ಬರೆದಿದ್ದರೆ ಒಂದು ಒಂಟಿ ಹಾರಾಟ ಆಗುತ್ತಿತ್ತು ಅಕ್ಕ.

ಕುಳಾಯಿ ಕಿರಣ
ಹತ್ತಿರದಲ್ಲಿ ಎಲ್ಲಿ ಕ್ರೂ ಆಗಬಹುದು ಬಾಲಣ್ಣ? ದುಬೈಗೆಲ್ಲ ಈಗಲೇ ಆಗುದಿಲ್ಲ.

ಬೆಳ್ಮಣ್ ಬಾಲಣ್ಣ
ತಮಿಳುನಾಡಿನ ಪೊಳ್ಳಾಚಿ. ಜನವರಿಯಲ್ಲಿ ಪೊಂಗಲ್ ಹೊತ್ತಿಗೆ ಅಲ್ಲಿ ಬಲೂನು ಉತ್ಸವ ಆಗುತ್ತದೆ, ಹೊರದೇಶದ ಪೈಲಟ್‌ಗಳೂ ಬರುತ್ತಾರೆ. ಹೋಗುವ ಮೊದಲೇ ಸಂಘಟಕರಿಗೆ ಬರೆದು ಕೇಳಿ. ಕ್ರೂ ಬೇಡ ಅಂದರೂ ಬೆಳಿಗ್ಗೆ ಮೈದಾನದಲ್ಲಿ ನಿಂತು ನೋಡಿ, ಯಾರಾದರೂ ಒಬ್ಬರು ಕರೆದೇ ಕರೆಯುತ್ತಾರೆ.

ಉಪ್ಪಿನಂಗಡಿ ಎಕ್ಸ್‌ಪ್ರೆಸ್
ಪೊಳ್ಳಾಚಿಯಲ್ಲೂ ತೆಂಗಿನ ತೋಟವೇ ತುಂಬಾ ಅಲ್ವಾ? ಅಲ್ಲಿ ಆಗುತ್ತದೆ, ಇಲ್ಲಿ ಯಾಕೆ ಆಗುದಿಲ್ಲ?

ಬೆಳ್ಮಣ್ ಬಾಲಣ್ಣ
ಅಲ್ಲಿ ತೋಟದ ನಡುವೆ ಬಯಲು ಉಂಟು, ಕಡಲು ಇಲ್ಲ. ಆದರೂ 2025ರ ಜನವರಿಯಲ್ಲಿ ಅಲ್ಲಿಂದ ಎದ್ದ ಬಲೂನೊಂದು ಗಡಿ ದಾಟಿ ಪಾಲಕ್ಕಾಡಿನ ಗದ್ದೆಯಲ್ಲಿ ಇಳಿಯಿತು.

ವಿಟ್ಲದ ಭಟ್ರು
ಗದ್ದೆಯವನಿಗೆ ಎಂತ ಕೊಟ್ಟರು?

ಬೆಳ್ಮಣ್ ಬಾಲಣ್ಣ
ಗೊತ್ತಿಲ್ಲ ಭಟ್ರೆ. ಫ್ರಾನ್ಸಿನಲ್ಲಿ ಜಾಗದವರಿಗೆ ಶಾಂಪೇನ್ ಕೊಡುವುದು ಹಳೆಯ ಪದ್ಧತಿ ಅಂತೆ. ನಿಮ್ಮ ತೋಟಕ್ಕೆ ಬಿದ್ದರೆ ಕಿರಣ್ ಬೊಂಡ ಕೊಡುತ್ತಾರೆ.

ವಿಟ್ಲದ ಭಟ್ರು
ನನ್ನ ಮರದ ಬೊಂಡ ನನಗೇ!

ಮೈಸೂರಿನ ಅಳಿಯ
ಒಂದು ನಿಮಿಷ, ಕಡಲೆಹಿಟ್ಟಿನ ಬೋಂಡಾ ಮರದಲ್ಲಿ ಆಗುತ್ತಾ?

ಕೊಡಿಯಾಲ್ ಕಾಮತ್
ನಿಮ್ಮ ಎಳನೀರು, ನಮ್ಮ ಬೊಂಡ. ಮದುವೆಯಾಗಿ ಎಷ್ಟು ವರ್ಷ ಆಯ್ತು, ಇನ್ನೂ ಕಲಿತಿಲ್ವಾ?

ಕುಳಾಯಿ ಕಿರಣ | ಬುಧವಾರ ರಾತ್ರಿ 10.40
ಎಲ್ಲರಿಗೂ ಥ್ಯಾಂಕ್ಸ್. ಸಂಘಟಕರಿಗೆ ಬರೆದಿದ್ದೇನೆ. ಉತ್ತರ ಬರದಿದ್ದರೂ ಹೋಗುವುದು ಹೋಗುವುದೇ, ನಾಲ್ಕು ದಿನ ರಜೆ ಹಾಕಿ ಆಯಿತು. ಪಾಲಕ್ಕಾಡ್‌ವರೆಗೆ ರೈಲು, ಅಲ್ಲಿಂದ ಬಸ್. ಮೆಡಿಕಲ್ ಫೆಬ್ರವರಿಯಲ್ಲಿ. ಬಾಲಣ್ಣ, ಎಂತೆಲ್ಲ ಕೊಂಡು ಹೋಗಬೇಕು?

ಬೆಳ್ಮಣ್ ಬಾಲಣ್ಣ
ಹತ್ತಿಯ ಬಟ್ಟೆ, ಉದ್ದ ತೋಳು. ನೈಲಾನ್ ಟೀಶರ್ಟ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಮುಚ್ಚಿದ ಶೂ. ತಲೆಗೊಂದು ಟೋಪಿ, ಬರ್ನರ್ ಕೆಳಗೆ ನಿಂತರೆ ನೆತ್ತಿ ಬೇಯುತ್ತದೆ. ಚರ್ಮದ ಗ್ಲೌಸು, ವೆಲ್ಡಿಂಗ್‌ನವರದ್ದು ಆಗುತ್ತದೆ. ನನ್ನ ಅಂಗಡಿಯಲ್ಲಿ ಉಂಟು, ಬಂದರೆ ಅಸಲಿಗೆ ಕೊಡುತ್ತೇನೆ. ಮತ್ತೆ ಹಗ್ಗ ಕೈಗೆ ಸುತ್ತಬೇಡಿ.

ಕಾರ್ಕಳದ ಅಕ್ಕ
ಅಮ್ಮನಿಗೆ ಎಂತ ಹೇಳಿದ್ರಿ ಕಿರಣ್?

ಕುಳಾಯಿ ಕಿರಣ
ಇದ್ದದ್ದು ಇದ್ದ ಹಾಗೆ ಹೇಳಿದೆ ಅಕ್ಕ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಪೊಳ್ಳಾಚಿಯಲ್ಲಿ ಬೆಲ್ಲ ಒಳ್ಳೆಯದು ಸಿಗ್ತದಂತೆ, ಐದು ಕೆಜಿ ತಾ ಅಂದರು.

ಉಡುಪಿ ಫಿಸಿಕ್ಸ್ ಟೀಚರ್
ಐದು ಕೆಜಿ ಬುಟ್ಟಿಯಲ್ಲಿ ಇಡಬೇಡಿ. 220ರಲ್ಲಿ ಕಳೆಯಬೇಕಾಗುತ್ತದೆ.